ಮಳೆಯಿದೆ, ಬೀಜವಿದೆ, ಮಣ್ಣೆಲ್ಲಿ?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದ, 34ನೆಯ ಸೂತ್ರ. ಅದಕ್ಕೆ ಭಾಷ್ಯ ಬರೆಯುವಾಗ ಶಂಕರರು ಮಳೆಯನ್ನು ತರುತ್ತಾರೆ. ಪ್ರಶ್ನೆ ಎಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಂಡದ್ದೇ: ಜಗತ್ತನ್ನು ದೇವರೇ ಮಾಡಿದ್ದಾದರೆ ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ನರಳಾಟ ಯಾಕೆ? ಅವನಿಗೆ ಪಕ್ಷಪಾತವೋ, ಕರುಣೆಯೇ ಇಲ್ಲವೋ? ಭಾಷ್ಯದ ಉತ್ತರ, ಈಶ್ವರ ಮಳೆಯ ಹಾಗೆ ಎಂಬುದು. ಭತ್ತಕ್ಕೂ ಜವೆಗೋಧಿಗೂ ಬೀಳುವ ಮಳೆ ಒಂದೇ. ಒಂದು ಭತ್ತವಾಗಿ, ಇನ್ನೊಂದು ಜವೆಯಾಗಿ ಬರುವುದು ಬೀಜದಲ್ಲಿರುವ ಶಕ್ತಿಯಿಂದ. ಜೀವಗಳ ಏರುಪೇರಿಗೂ ಹಾಗೆಯೇ ಅವರವರ ಕರ್ಮ ಕಾರಣ, ಈಶ್ವರನಲ್ಲ. ‘ಮೊಟ್ಟಮೊದಲ ಸೃಷ್ಟಿಯಲ್ಲಿ ಕರ್ಮ ಎಲ್ಲಿತ್ತು ಸ್ವಾಮಿ?’ ಎಂದು ಪಟ್ಟು ಹಿಡಿದವನಿಗೆ ಮುಂದಿನ ಸೂತ್ರದಲ್ಲೇ ಉತ್ತರವಿದೆ: ಸಂಸಾರಕ್ಕೆ ಮೊದಲು ಎಂಬುದಿಲ್ಲ, ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ.

ತರ್ಕ ಚೊಕ್ಕವಾಗಿದೆ. ಆದರೆ ಸಸಿ ಮಾಡುವವರು ಯಾರಾದರೂ ಆ ಸಾಲುಗಳನ್ನು ಕೇಳಿದರೆ ಒಂದು ಕಡೆ ತಡವರಿಸುತ್ತಾರೆ. ಮಳೆ ಬಂತು, ಬೀಜ ಬಂತು. ಮಣ್ಣೆಲ್ಲಿ?

ನಾನು ವೇದಾಂತ ಓದಿದವಳಲ್ಲ. ತಿಪಟೂರು ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಈಗ ಹಿತ್ತಲಲ್ಲಿ ನೆರಳುಪರದೆ ಕಟ್ಟಿ ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಸಸಿ ಮಾಡಿ ಸುತ್ತಲಿನವರಿಗೆ ಕೊಡುತ್ತೇನೆ. ವಾರಕ್ಕೊಂದು ಸಂಜೆ ನಮ್ಮ ಬೀದಿಯ ದೇವಸ್ಥಾನದಲ್ಲಿ ಶಾಸ್ತ್ರಿಗಳೊಬ್ಬರು ಭಾಷ್ಯಪಾಠ ಮಾಡುತ್ತಾರೆ. ಉಗುರಲ್ಲಿ ಮಣ್ಣು ಹಾಗೇ ಇಟ್ಟುಕೊಂಡು ಹೋಗಿ ಹಿಂದೆ ಕೂರುತ್ತೇನೆ. ದೃಷ್ಟಾಂತವನ್ನು ಎಲ್ಲ ಮಗ್ಗುಲಿಂದ ಎಳೆಯಬಾರದು, ಹೇಳಬೇಕಾದ ಒಂದು ಅಂಶಕ್ಕೆ ಮಾತ್ರ ಅದು ದುಡಿಯುತ್ತದೆ ಎಂದು ಅವರು ಮೊದಲ ದಿನವೇ ಎಚ್ಚರಿಸಿದ್ದಾರೆ. ಸರಿಯೇ. ಈ ದೃಷ್ಟಾಂತ ಪುಸ್ತಕದೊಳಗೇ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಅದು ಬೀದಿಗೆ ಬಂದು ಬಹಳ ಕಾಲವಾಯಿತು. ಯಾರ ಮನೆಯಲ್ಲಿ ಏನು ಕೆಟ್ಟರೂ ‘ಅವರವರು ಪಡ್ಕೊಂಡು ಬಂದಿದ್ದು’ ಎಂದು ಹೇಳಿ ಕಾಫಿ ಲೋಟ ಕೆಳಗಿಡುತ್ತಾರಲ್ಲ, ಅದು ಇದೇ ಮಳೆ, ಇದೇ ಬೀಜ.

ನನ್ನ ತಟ್ಟೆಗಳಲ್ಲಿ 98 ಗುಳಿ. ಪ್ರೋಟ್ರೇ ಎಂದು ನರ್ಸರಿಯವರು ಕರೆಯುವ ಕಪ್ಪು ಪ್ಲಾಸ್ಟಿಕ್ ತಟ್ಟೆ. ಒಂದೇ ಪೊಟ್ಟಣದ ಬೀಜ, ಒಂದೇ ಬುಟ್ಟಿಯಲ್ಲಿ ಕಲೆಸಿದ ಮಿಶ್ರಣ, ಒಂದೇ ಝಾರಿಯ ನೀರು. ಶಂಕರರ ಮಳೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ವಾರ ಕಳೆದು ನೋಡಿದರೆ ಕೆಲವು ಗುಳಿಯಲ್ಲಿ ಮೊಳಕೆ ತಲೆಯೆತ್ತಿದೆ, ಕೆಲವು ಖಾಲಿ. ಹಾಗಾದರೆ ವ್ಯತ್ಯಾಸ ಬೀಜದ್ದೇ ಎಂದು ತೀರ್ಪು ಕೊಡಬಹುದಲ್ಲ.

ಕೊಡುವ ಮೊದಲು ತಟ್ಟೆಯನ್ನು ಎತ್ತಿ ನೋಡಬೇಕು. ಅಂಚಿನ ಗುಳಿಗಳು ಗಾಳಿಗೆ ಬೇಗ ಒಣಗುತ್ತವೆ, ನಡುವಿನವು ಒದ್ದೆಯಾಗೇ ಇರುತ್ತವೆ. ನೆಲ ಒಂದು ಮೂಲೆಗೆ ವಾಲಿದ್ದರೆ ಆ ಮೂಲೆಗೆ ನೀರು ಹೆಚ್ಚು. ಗುಳಿಯ ಆಳ ಎರಡು ಇಂಚೂ ಇಲ್ಲ; ಇಷ್ಟು ಗಿಡ್ಡನೆಯ ಪಾತ್ರೆಯಲ್ಲಿ ತೂತು ಇದ್ದರೂ ತಳದ ನೀರು ಪೂರ್ತಿ ಇಳಿಯುವುದಿಲ್ಲ. ಮಿಶ್ರಣದ ಕಣಗಳು ಸಣ್ಣವಾದಷ್ಟೂ ಅದು ನೀರನ್ನು ಹಿಡಿದುಕೊಂಡು ಮೇಲಕ್ಕೆ ಎಳೆದುಕೊಳ್ಳುತ್ತದೆ, ಗಾಳಿಗೆ ಜಾಗ ಉಳಿಯುವುದಿಲ್ಲ. ಹಾಗಾಗಿ ಒತ್ತಿ ತುಂಬಿದ ಗುಳಿಗೂ ಸಡಿಲವಾಗಿ ತುಂಬಿದ ಗುಳಿಗೂ, ಎರಡಕ್ಕೂ ಅದೇ ನೀರು ಬಿದ್ದಿದ್ದರೂ, ಒಳಗಿನ ಹವಾಮಾನ ಬೇರೆ. ಮಳೆ ಎಲ್ಲರಿಗೂ ಒಂದೇ ಎಂಬುದು ಮೋಡದ ಕಡೆಯಿಂದ ನೋಡಿದರೆ ನಿಜ. ಗುಳಿಯೊಳಗೆ ಕೂತ ಬೀಜಕ್ಕೆ ಸಿಗುವುದು ಮಳೆಯಲ್ಲ, ಮಣ್ಣು ಹಿಡಿದುಕೊಂಡು ಬಿಟ್ಟುಕೊಟ್ಟ ಮಳೆ.

ಇನ್ನು ಸಸಿ ಕೊಳೆ ರೋಗ. ಬೆಳಿಗ್ಗೆ ನೆಟ್ಟಗಿದ್ದ ಟೊಮ್ಯಾಟೊ ಮೊಳಕೆ ಸಂಜೆಗೆ ಒರಗಿರುತ್ತದೆ. ಎಲೆ ಇನ್ನೂ ಹಸಿರು, ಬಾಡಿದ ಲಕ್ಷಣವೂ ಇಲ್ಲ. ಬಗ್ಗಿ ನೋಡಿದರೆ ಮಣ್ಣಿಗೆ ತಾಗುವ ಕಡೆ ಕಾಂಡ ನೂಲಿನಷ್ಟು ಸಣಕಲಾಗಿ, ನೀರು ತುಂಬಿದಂತಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ಶಿಲೀಂಧ್ರ ಹಾಗೂ ಶಿಲೀಂಧ್ರದಂಥ ಜೀವಿಗಳು ಮಾಡುವ ಕೆಲಸ. ನೀರು ನಿಂತ, ಗಾಳಿಯಾಡದ, ಒತ್ತಾಗಿ ಬಿತ್ತಿದ ಕಡೆ ಅವಕ್ಕೆ ಹಬ್ಬ. ಒರಗಿದ ಸಸಿಯನ್ನಾದರೂ ಕಣ್ಣಿಂದ ನೋಡಬಹುದು. ಇದೇ ರೋಗ ಇನ್ನೊಂದು ರೀತಿಯಲ್ಲೂ ಬರುತ್ತದೆ: ಬೀಜ ಒಡೆದು, ಬೇರು ಬಿಟ್ಟು, ಮೊಳಕೆ ಮೇಲೆ ಬರುವ ಮೊದಲೇ ಮಣ್ಣೊಳಗೆ ಕೊಳೆತುಹೋಗುತ್ತದೆ. ಮೇಲಿನಿಂದ ನೋಡುವವರಿಗೆ ಅದು ಖಾಲಿ ಗುಳಿ, ಅಷ್ಟೆ. ‘ಬೀಜ ಹುಟ್ಲಿಲ್ಲ, ಜೊಳ್ಳು’ ಎಂದು ಪೊಟ್ಟಣ ಎಸೆಯುತ್ತಾರೆ. ಹುಟ್ಟಿತ್ತು. ಬದುಕುವುದಕ್ಕೆ ಹೊರಟೂ ಇತ್ತು. ಸಾಕ್ಷಿ ಕೊಳೆತು ಹೋದ್ದರಿಂದ ಅಪವಾದ ಬೀಜದ ತಲೆಗೆ ಬಂತು.

ಕರ್ಮದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಎರಡನೆಯ ಸಾವು.

ಬೀಜದ ತಪ್ಪೋ ಮಣ್ಣಿನ ತಪ್ಪೋ ತಿಳಿಯುವ ದಾರಿ ಇದೆ, ಕಷ್ಟದ್ದೂ ಅಲ್ಲ. ಅದೇ ಪೊಟ್ಟಣದ ಒಂದಷ್ಟು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಬೇಕು. ಬಟ್ಟೆಯಲ್ಲಿ ಮೊಳೆತು ತಟ್ಟೆಯಲ್ಲಿ ಮೊಳೆಯದಿದ್ದರೆ ಬೀಜಕ್ಕೆ ಬಿಡುಗಡೆ. ಎರಡೂ ಕಡೆ ಮೊಳೆಯದಿದ್ದರೆ ಅಂಗಡಿಯವನ ಹತ್ತಿರ ಹೋಗಿ ಜಗಳ ಆಡಬಹುದು. ಇದು ನಮ್ಮ ತರ್ಕಪಂಡಿತರಾದ ನೈಯಾಯಿಕರ ಅನ್ವಯ-ವ್ಯತಿರೇಕವೇ: ಒಂದಿದ್ದಾಗ ಇನ್ನೊಂದು ಇರುತ್ತದೆಯೇ, ಅದನ್ನು ತೆಗೆದಾಗ ಇದೂ ಹೋಗುತ್ತದೆಯೇ ಎಂದು ನೋಡುವುದು. ಕಾರಣ ಇದು ಎಂದು ಹೇಳುವ ಹಕ್ಕು ಆ ಮೇಲೆ ಬರುತ್ತದೆ. ಮನುಷ್ಯರ ವಿಷಯದಲ್ಲಿ ಒದ್ದೆ ಬಟ್ಟೆ ಇಲ್ಲ. ಒಂದು ಬಾಳನ್ನು ಎತ್ತಿ ಬೇರೆ ನೆಲದಲ್ಲಿಟ್ಟು ನೋಡಿದವರಿಲ್ಲ. ಪರೀಕ್ಷೆಯೇ ಮಾಡಲಾಗದ ಕಡೆ ತೀರ್ಪು ಮಾತ್ರ ಇಷ್ಟು ಸಲೀಸಾಗಿ ಬರುವುದು ನನಗೆ ಒಗ್ಗುವುದಿಲ್ಲ.

ಮಣ್ಣು ಎಂದೆ, ಆದರೆ ನಾನು ಬಳಸುವುದರಲ್ಲಿ ಮಣ್ಣು ಇಲ್ಲವೇ ಇಲ್ಲ. ನಮ್ಮ ಕಡೆಯ ಕೆಮ್ಮಣ್ಣನ್ನು ಪುಟ್ಟ ಗುಳಿಗೆ ತುಂಬಿ ನೀರು ಹಾಕಿದರೆ ನಾಲ್ಕು ದಿನಕ್ಕೆ ಮೇಲೆ ಹಪ್ಪಳ ಕಟ್ಟಿಕೊಳ್ಳುತ್ತದೆ. ಮೆಣಸಿನಕಾಯಿಯ ಎಳೆ ಮೊಳಕೆಗೆ ಅದನ್ನು ಒಡೆದು ಬರುವ ತ್ರಾಣವಿಲ್ಲ. ಹೊಲದಿಂದ ತಂದ ಮಣ್ಣಿನಲ್ಲಿ ಕಳೆ ಬೀಜ, ಜಂತುಹುಳು, ಮೇಲೆ ಹೇಳಿದ ಶಿಲೀಂಧ್ರ ಎಲ್ಲವೂ ಉಚಿತ. ನಮ್ಮ ಹಿರಿಯರು ಒಟ್ಲು ಮಾಡುತ್ತಿದ್ದಾಗ ಅದಕ್ಕೂ ಉಪಾಯ ಇತ್ತು: ಪಾತಿಯನ್ನು ಅರ್ಧ ಅಡಿ ಎತ್ತರಿಸುವುದು, ಕಸಕಡ್ಡಿ ಹರಡಿ ಸುಡುವುದು, ಮರಳು ಬೆರೆಸುವುದು. ಈಗ ಪಾತಿಗೆ ನೀರು ಹಾಯಿಸಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಏಪ್ರಿಲ್-ಮೇ ಬಿಸಿಲಿಗೆ ನಾಲ್ಕಾರು ವಾರ ಬಿಡುತ್ತಾರೆ. ಬೇಸಿಗೆಯ ಬಿಸಿಲೇ ಬೇಯಿಸಿ ಕೊಡುತ್ತದೆ.

ಮಣ್ಣಿನ ಬದಲು ನಾನು ತುಂಬುವುದು ತೆಂಗಿನ ಸಿಪ್ಪೆಯ ಪುಡಿ. ತಿಪಟೂರಲ್ಲಿ ಕೊಬ್ಬರಿಗಿರುವ ಮರ್ಯಾದೆ ಸಿಪ್ಪೆಗೆ ಇರಲಿಲ್ಲ. ನಾರು ತೆಗೆದ ಮೇಲೆ ಉಳಿದ ಪುಡಿ ರಸ್ತೆ ಬದಿ ಗುಡ್ಡೆ ಬಿದ್ದಿರುತ್ತಿತ್ತು, ಮಳೆಗಾಲದಲ್ಲಿ ಅದರಿಂದ ಕಂದು ನೀರು ಹರಿದು ಪಕ್ಕದವರ ಬಾಯಿಗೆ ಬೈಗುಳ ಬರುತ್ತಿತ್ತು. ಈಗ ಅದೇ ಪುಡಿ 5 ಕಿಲೋ ಇಟ್ಟಿಗೆಯಾಗಿ, ಕೊಕೊಪೀಟ್ ಎಂಬ ಹೆಸರಿಟ್ಟುಕೊಂಡು ದುಡ್ಡು ತರುತ್ತಿದೆ. ಯುರೋಪಿನವರು ಇದೇ ಕೆಲಸಕ್ಕೆ ಜೌಗು ನೆಲ ಅಗೆದು ಪೀಟ್ ತೆಗೆಯುತ್ತಾರೆ. ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು ಕೂಡುವ ಪದರವನ್ನು ಒಂದು ಹಂಗಾಮಿನ ಸಸಿಗೆ ಬಳಸುವುದು ಯಾವ ಧರ್ಮ ಎಂದು ಈಗೀಗ ಅಲ್ಲೂ ಕೇಳುತ್ತಿದ್ದಾರೆ. ನಮಗೆ ಆ ಪಾಪವಿಲ್ಲ. ಆದರೆ ನಾರಿನ ಪುಡಿ ಹಾಗೇ ಬಳಸುವ ವಸ್ತುವಲ್ಲ. ಹಸಿ ಪುಡಿಯಲ್ಲಿ ಒಗರು ಇದೆ, ಉಪ್ಪು ಇದೆ; ಕರಾವಳಿಯ ಹಿನ್ನೀರಲ್ಲಿ ನೆನೆಹಾಕಿದ ಸಿಪ್ಪೆಯದಾದರೆ ಉಪ್ಪು ಇನ್ನೂ ಹೆಚ್ಚು. ತೊಟ್ಟಿಯಲ್ಲಿ ನೆನೆಸಿ, ಹಿಂಡಿ, ಕಂದು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪುಡಿಯನ್ನು ಹುದುಗಿಸಿ ಬಳಸುವ ವಿಧಾನವನ್ನು ‘ಅರ್ಕ’ ಹೆಸರಲ್ಲಿ ಹೊರತಂದಿದ್ದಾರೆ. ನಾನು ತೊಳೆದ ಪುಡಿಗೆ ಚೆನ್ನಾಗಿ ಕಳಿತ ಎರೆಗೊಬ್ಬರ ಸ್ವಲ್ಪ, ಬೇವಿನ ಹಿಂಡಿ ಹಿಡಿಯಷ್ಟು, ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರ ಒಂದಿಷ್ಟು ಸೇರಿಸುತ್ತೇನೆ. ಗೊಬ್ಬರ ಜಾಸ್ತಿ ಹಾಕಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಬೀಜಕ್ಕೆ ಆಗ ಊಟ ಬೇಡ, ತನ್ನ ಬುತ್ತಿ ತಾನೇ ತಂದಿರುತ್ತದೆ. ಅದು ಕೇಳುವುದು ತೇವ, ಗಾಳಿ, ಹದವಾದ ಬಿಸಿ, ಬೇರು ಊರುವುದಕ್ಕೆ ಒಂದು ಹಿಡಿತ. ಕೆಲವಕ್ಕೆ ಬೆಳಕೂ ಬೇಕು. ಹಸಿ ಸಗಣಿ ಗೊಬ್ಬರ ತುಂಬಿದ ತಟ್ಟೆ ಪ್ರೀತಿಯಿಂದಲೇ ಬೀಜವನ್ನು ಸುಡುತ್ತದೆ.

ಮಣ್ಣು ಮರೆತದ್ದು ಶಂಕರರೊಬ್ಬರೇ ಅಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂಬ ಚರ್ಚೆ ಉದ್ದಕ್ಕೆ ಇದೆ. ಒಂದೇ ಗದ್ದೆಯಲ್ಲಿ ಬೇರೆ ಬೇರೆ ಬೀಜ ಬಿತ್ತಿದರೆ ಪ್ರತಿಯೊಂದೂ ತನ್ನ ತನ್ನ ಗುಣದಂತೆ ಬರುತ್ತದೆ, ಆದ್ದರಿಂದ ಬೀಜವೇ ಮೇಲು ಎಂದು ವಾದ. ಹತ್ತನೆಯ ಅಧ್ಯಾಯದಲ್ಲಿ, ಬಂಜರಿಗೆ ಬಿದ್ದ ಬೀಜ ಒಳಗೊಳಗೇ ಹಾಳಾಗುತ್ತದೆ ಎಂಬ ಒಪ್ಪಿಗೆಯೂ ಇದೆ. ಸಸಿ ಮಾಡಿದವರೇ ಯಾರೋ ಹೇಳಿರಬೇಕು. ಆದರೂ ತೀರ್ಪು ಬೀಜದ ಕಡೆಗೇ. ಅಲ್ಲಿ ಬೀಜ ಎಂದರೆ ಗಂಡಸು, ಕ್ಷೇತ್ರ ಎಂದರೆ ಹೆಂಗಸು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹತ್ತನೇ ತರಗತಿಯ ಮಕ್ಕಳಿಂದ ಅವರೆಕಾಳು ನೆನೆಸಿ ಸಿಪ್ಪೆ ಸುಲಿಸುತ್ತಿದ್ದೆ. ಆ ಸಿಪ್ಪೆ ಪೂರ್ತಿ ತಾಯಿಗಿಡದ ಅಂಗಾಂಶ, ಗಂಡಿನ ಪಾಲು ಅದರಲ್ಲಿ ಇಲ್ಲ. ಜೋಳ, ಭತ್ತದಂಥ ಕಾಳಿನಲ್ಲಿ ತುಂಬಿರುವ ಹಿಟ್ಟಿನ ಭಾಗದಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಭ್ರೂಣದಲ್ಲಿ ಮಾತ್ರ ಸಮಸಮ. ಗಂಡಸಿನ ಲೆಕ್ಕಕ್ಕೆ ಬರೆದುಕೊಂಡ ಬೀಜವನ್ನು ಕೈಯಲ್ಲಿ ಹಿಡಿದು ತೂಗಿದರೆ ಅದರ ಬಹುಪಾಲು ತಾಯಿಯೇ. ಮನುವಿಗೆ ಸೂಕ್ಷ್ಮದರ್ಶಕ ಇರಲಿಲ್ಲ, ಒಪ್ಪೋಣ. ಗೊತ್ತಾದ ಮೇಲೂ ಹಳೆಯ ಲೆಕ್ಕವನ್ನೇ ಹೇಳುವವರಿಗೆ ಏನು ನೆಪ?

ಕ್ರೈಸ್ತರ ಕಡೆ ಹೋದರೆ ಅಲ್ಲಿ ಉಲ್ಟಾ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಬಿತ್ತುವವನ ಕತೆಯಲ್ಲಿ ಬೀಜ ಒಂದೇ, ನೆಲ ನಾಲ್ಕು ಥರ: ದಾರಿ ಬದಿ, ಕಲ್ಲುನೆಲ, ಮುಳ್ಳುಪೊದೆ, ಹದವಾದ ನೆಲ. ಅಂತೂ ಮಣ್ಣಿಗೆ ಒಬ್ಬರು ಸಿಕ್ಕರು ಎಂದು ನಾನು ಖುಷಿಪಟ್ಟಿದ್ದೆ. ಆದರೆ ಕತೆ ಬಿಡಿಸುವಾಗ ಬೀಜ ದೇವರ ವಾಕ್ಯ, ನೆಲ ಕೇಳುವವನ ಎದೆ. ಕೊನೆಗೆ ಹೊಣೆ ಬರುವುದು ಮತ್ತೆ ಬೆಳೆಯದವನ ಮೇಲೇ. ಇಲ್ಲಿ ನಿನ್ನ ಬೀಜ ಸರಿಯಿಲ್ಲ, ಅಲ್ಲಿ ನಿನ್ನ ನೆಲ ಸರಿಯಿಲ್ಲ. ದಾರಿಯ ಮೇಲೂ ಕಲ್ಲಿನ ಮೇಲೂ ಚೆಲ್ಲುತ್ತಾ ಹೋದ ಆ ಬಿತ್ತುವವನನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ನಮ್ಮೂರಲ್ಲಿ ಹಾಗೆ ಬಿತ್ತಿದ್ದರೆ ಮನೆಯವರು ಕೂರಿಗೆ ಕಿತ್ತುಕೊಂಡು ಒಳಗೆ ಕಳಿಸುತ್ತಿದ್ದರು.

ಮಣ್ಣಿಗೆ ನ್ಯಾಯ ಸಿಕ್ಕಿದ್ದನ್ನು ನಾನು ಕಂಡದ್ದು ಬೌದ್ಧರ ಶಾಲಿಸ್ತಂಬ ಸೂತ್ರದಲ್ಲಿ. ಬುದ್ಧ ಒಂದು ಭತ್ತದ ಪೈರನ್ನು ನೋಡಿ ಆಡಿದ ಮಾತಿನ ಅರ್ಥವನ್ನು ಶಾರಿಪುತ್ರ ಕೇಳುತ್ತಾನೆ, ಮೈತ್ರೇಯ ಬಿಡಿಸುತ್ತಾನೆ. ಮೊಳಕೆಗೆ ಬೀಜ ಬೇಕು, ಜೊತೆಗೆ ಆರು ಬೇಕು: ಭೂಮಿ, ನೀರು, ಬಿಸಿ, ಗಾಳಿ, ಆಕಾಶ, ಋತು. ಪಟ್ಟಿಯಲ್ಲಿ ಮೊದಲ ಹೆಸರೇ ಭೂಮಿ, ಬೀಜವನ್ನು ಧರಿಸುವುದು ಅದರ ಕೆಲಸ. ಆಕಾಶದ ಕೆಲಸ ಅಡ್ಡಿ ಮಾಡದಿರುವುದು, ಅಂದರೆ ಜಾಗ ಬಿಡುವುದು. ನಾನು ಮಿಶ್ರಣವನ್ನು ಒತ್ತದೆ ತುಂಬುವುದೂ ಅದಕ್ಕೇ. ಇವುಗಳಲ್ಲಿ ಯಾವುದೂ ‘ನಾನು ಮೊಳಕೆಯನ್ನು ಬೆಳೆಸಿದೆ’ ಎಂದುಕೊಳ್ಳುವುದಿಲ್ಲ, ಮೊಳಕೆಯೂ ‘ಇವರು ನನ್ನನ್ನು ಬೆಳೆಸಿದರು’ ಎಂದುಕೊಳ್ಳುವುದಿಲ್ಲ ಎಂದು ಆ ಸೂತ್ರ ಸೇರಿಸುತ್ತದೆ. ನರ್ಸರಿಯಲ್ಲಿ ಎಲ್ಲರೂ ಅಂದುಕೊಳ್ಳುವುದೇ ಅದನ್ನು. ಸಸಿ ಚೆನ್ನಾಗಿ ಬಂದರೆ ನನ್ನ ಮಿಶ್ರಣ, ಸತ್ತರೆ ಕಂಪನಿಯ ಬೀಜ.

ಕಣಜದಲ್ಲಿರುವ ಬೀಜದ ಬಗ್ಗೆ ಬೌದ್ಧರಿಗೂ ನೈಯಾಯಿಕರಿಗೂ ಆದ ಜಗಳ ಇನ್ನೂ ಸ್ವಾರಸ್ಯದ್ದು. ಮೊಳೆಯುವ ಶಕ್ತಿ ಬೀಜಕ್ಕೇ ಇದ್ದರೆ ಕಣಜದಲ್ಲೇ ಯಾಕೆ ಮೊಳೆಯಲಿಲ್ಲ? ಕಣಜದ ಬೀಜವೇ ಬೇರೆ, ಹೊಲದ ಬೀಜವೇ ಬೇರೆ, ಕ್ಷಣಕ್ಷಣವೂ ಅದು ಹೊಸದು ಎಂದರು ಬೌದ್ಧರು. ಬೀಜ ಅದೇ, ಮಣ್ಣು ನೀರಿನಂಥ ಸಹಕಾರಿಗಳು ಇನ್ನೂ ಬಂದಿಲ್ಲ ಎಂದರು ನೈಯಾಯಿಕರು; ಉದಯನಾಚಾರ್ಯರು ಇದಕ್ಕಾಗಿ ಬಹಳ ಕಾದಾಡಿದ್ದಾರೆ. ನಾನು ಇಲ್ಲಿ ಉದಯನರ ಪಕ್ಷ. ಮೊಳೆಯದ ಬೀಜವನ್ನು ಬೇರೆ ಜಾತಿಗೆ ಸೇರಿಸಿಬಿಡುವ ಮೊದಲು, ಅದಕ್ಕೆ ಏನು ಸಿಕ್ಕಿಲ್ಲ ಎಂದು ಕೇಳುವ ತಾಳ್ಮೆ ಆ ಪಕ್ಷದಲ್ಲಿದೆ.

ತರಗತಿಯಲ್ಲಿ ಅಂಥದ್ದೊಂದು ನನ್ನ ಕಣ್ಣೆದುರೇ ನಡೆಯಿತು. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಕೆಲವು ಮಕ್ಕಳು ತೂಕಡಿಸುತ್ತಿದ್ದರು. ‘ಅವಕ್ಕೆ ತಲೆಗೆ ಹತ್ತಲ್ಲ ಬಿಡಿ ಮೇಡಂ, ಹುಟ್ಟೇ ಅಷ್ಟು’ ಎಂದು ಸಿಬ್ಬಂದಿ ಕೊಠಡಿಯಲ್ಲಿ ಮಾತಾಗುತ್ತಿತ್ತು. 2002ರಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ಪ್ರೌಢಶಾಲೆಗೂ ಬಂತು. ಬಿಸಿ ಅನ್ನ, ಸಾಂಬಾರು. ತೂಕಡಿಕೆ ನಿಂತಿತು. ಎಲ್ಲರೂ ಜಾಣರಾಗಿಬಿಟ್ಟರು ಎಂದು ನಾನು ಹೇಳುತ್ತಿಲ್ಲ. ಕೆಲವರು ಎಚ್ಚರವಾಗಿದ್ದೇ ಗಲಾಟೆ ಮಾಡಿದರು. ಆದರೆ ಹುಟ್ಟು ಎಂದುಕೊಂಡದ್ದರಲ್ಲಿ ಹಸಿವು ಎಷ್ಟಿತ್ತು ಎಂಬುದು ಒಂದು ತಟ್ಟೆ ಅನ್ನದಲ್ಲಿ ಗೊತ್ತಾಯಿತು. ಒದ್ದೆ ಬಟ್ಟೆ ಇಲ್ಲ ಎಂದೆನಲ್ಲ, ಅಪರೂಪಕ್ಕೆ ಸರ್ಕಾರವೇ ಒಂದನ್ನು ಹಾಸಿಕೊಡುತ್ತದೆ.

ಇದನ್ನೆಲ್ಲ ಪಾಠ ಮುಗಿದ ಮೇಲೆ ಶಾಸ್ತ್ರಿಗಳ ಮುಂದಿಟ್ಟೆ. ಅವರು ಕೇಳಿಸಿಕೊಳ್ಳುವ ಮನುಷ್ಯ. ‘ಆ ಮಣ್ಣಿಗೇ ಬೀಳಬೇಕಾಗಿ ಬಂದದ್ದೂ ಕರ್ಮವೇ ಅಲ್ವೇನಮ್ಮ?’ ಎಂದರು. ಹುಟ್ಟು, ಆಯುಸ್ಸು, ಅನುಭವ ಮೂರೂ ಕರ್ಮದ ಫಲ ಎಂದು ಯೋಗಸೂತ್ರದ ಎರಡನೆಯ ಪಾದದಲ್ಲಿದೆ. ಎಲ್ಲಿ ಹುಟ್ಟಿದೆ ಎಂಬುದೂ ಅದರೊಳಗೇ ಬಂತು. ಅಂದರೆ ಮಣ್ಣು ಬಿಟ್ಟುಹೋಗಿಲ್ಲ, ಬೀಜದ ಹೊಟ್ಟೆಯಲ್ಲೇ ಇದೆ. ಗಟ್ಟಿ ಉತ್ತರ. ಆ ರಾತ್ರಿ ನನಗೆ ಅದನ್ನು ದಾಟಲಾಗಲಿಲ್ಲ.

ಮುಂದಿನ ವಾರ ಹೀಗೆ ಹೇಳಿದೆ. ‘ಶಾಸ್ತ್ರಿಗಳೇ, ಆ ತಟ್ಟೆ ತುಂಬಿದವಳು ನಾನು. ಉಪ್ಪು ತೊಳೆಯದ ಪುಡಿ ತುಂಬಿದರೆ, ಹಾಗೆ ತುಂಬುವ ಸೋಮಾರಿತನವನ್ನೂ ಬೀಜದ ಕರ್ಮವೇ ನನ್ನಿಂದ ಮಾಡಿಸಿತೇ? ಮಾಡಿಸಿತು ಅಂದರೆ ಸೋಮಾರಿತನ ನನ್ನದಲ್ಲ, ಅದರ ಫಲವೂ ನನಗೆ ಬರಬಾರದು. ಆಗ ಕರ್ಮ ಸಿದ್ಧಾಂತವೇ ಬಿದ್ದುಹೋಗುತ್ತದೆ, ಯಾರ ಕೆಲಸಕ್ಕೂ ಯಾರೂ ಕರ್ತರಲ್ಲ. ಮಾಡಿಸಲಿಲ್ಲ ಅಂದರೆ, ಬೀಜದ ಲೆಕ್ಕ ಏನೇ ಇರಲಿ, ಈ ಪುಡಿ ನನ್ನ ಲೆಕ್ಕ. ಬೀಜ ಏನು ಪಡೆದುಕೊಂಡು ಬಂದಿದೆ ಅಂತ ನೋಡುವ ಕೆಲಸ ನನ್ನದಲ್ಲ.’

ಅವರು ಸ್ವಲ್ಪ ಹೊತ್ತು ನಶ್ಯದ ಡಬ್ಬಿ ತಿರುಗಿಸಿದರು. ‘ಇದು ಸರಿ,’ ಎಂದರು, ‘ಕರ್ಮ ತನ್ನ ಬಗ್ಗೆ ಯೋಚಿಸೋದಕ್ಕೆ ಇರೋದು, ಪಕ್ಕದವನ ಬಗ್ಗೆ ಅಲ್ಲ. ಆದರೆ ಟೀಚರಮ್ಮ, ನೀವು ತೊಳೆದೂ ತೊಳೆದೂ ತುಂಬಿದ ತಟ್ಟೆಯಲ್ಲೂ ಕೆಲವು ಬರಲ್ವಲ್ಲ, ಅದಕ್ಕೇನು ಹೇಳ್ತೀರಿ?’

ಅದಕ್ಕೆ ನನ್ನ ಹತ್ತಿರ ಇದ್ದದ್ದು ಬೀಜ ಪ್ರಮಾಣೀಕರಣದ ನಿಯಮ ಮಾತ್ರ. ನಮ್ಮ ದೇಶದಲ್ಲಿ ಟೊಮ್ಯಾಟೊ, ಬದನೆ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ. 70, ಮೆಣಸಿನಕಾಯಿಗೆ ಶೇ. 60. ಅಂದರೆ ನೂರು ಮೆಣಸಿನ ಬೀಜದಲ್ಲಿ ನಲವತ್ತು ಬರದೆ ಹೋದರೂ ಪೊಟ್ಟಣ ಕಾನೂನಿನ ಪ್ರಕಾರ ಸರಿಯೇ. ಆ ನಲವತ್ತನ್ನು ಕರ್ಮಕ್ಕೆ ಬಿಡುತ್ತೀರೋ ಮಳೆಗೆ ಬಿಡುತ್ತೀರೋ ನಿಮಗೆ ಬಿಟ್ಟದ್ದು, ನಾನು ತಕರಾರು ತೆಗೆಯುವುದಿಲ್ಲ ಎಂದೆ. ನಲವತ್ತೊಂದನೆಯದು ಹೋದರೆ ಮಾತ್ರ ಮೊದಲು ತೊಟ್ಟಿಯ ನೀರು ತಿಳಿಯಾಗಿತ್ತೇ ಎಂದು ನೋಡುತ್ತೇನೆ. ಶಾಸ್ತ್ರಿಗಳು ಪುಸ್ತಕ ಕಟ್ಟುತ್ತಾ, ತಮ್ಮ ಹಿತ್ತಲಿಗೆ ಹತ್ತು ಬದನೆ ಸಸಿ ಬೇಕು, ಹಣ ಎಷ್ಟು ಕೊಡಬೇಕು ಎಂದು ಕೇಳಿದರು.